ತೆಪ್ಪಕ್ಕೆ ಎಂಥ ಟಾರ್ಚು ಬೇಕು?



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆ ಕೆರೆ ಏರಿಯ ಕೆಳಗೇ ಇದೆ. ಅವರ ಮನೆಯವರು ಕೆರೆಯಲ್ಲಿ ಬಲೆ ಬಿಡುತ್ತಾರೆ. ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ಬರುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿ ಬಲೆ ಎತ್ತುತ್ತಾರೆ. ಹೊತ್ತು ಮೂಡುವುದರೊಳಗೆ ಮೀನು ಪೇಟೆಗೆ ಹೋಗಬೇಕು.

ಒಂದು ಜಾತ್ರೆಯಲ್ಲಿ ಈ ಅಕ್ಕ ಒಂದು ದೊಡ್ಡ ಟಾರ್ಚು ಕೊಂಡರು. ಕೋಳಿ ಮೊಟ್ಟೆ ಮಾರಿ ಕೂಡಿಟ್ಟ ದುಡ್ಡು. ಅಂಗಡಿಯವನು, “ಅಮ್ಮಾ, ಇದು ಒಂದು ಕಿಲೋಮೀಟರ್ ಹೊಡೀತದೆ” ಅಂದ. ಡಬ್ಬಿಯ ಮೇಲೂ ದೊಡ್ಡದಾಗಿ ಹಾಗೇ ಅಚ್ಚಾಗಿತ್ತು. ಅಕ್ಕನಿಗೆ ಖುಷಿಯಾಯಿತು.

ಚಳಿಗಾಲ. ಮಂಜು ಬಿದ್ದಿತ್ತು. ಮನೆಯವರು ನಾಲ್ಕು ಗಂಟೆಗೆ ಹೊಸ ಟಾರ್ಚು ಹಿಡಿದು ಹೋದರು. ಐದು ಗಂಟೆ ಹೊತ್ತಿಗೆ ಟಾರ್ಚು ಮಂಕಾಯಿತು. ಸ್ವಲ್ಪ ಹೊತ್ತಿಗೆ ಆರಿಯೇ ಹೋಯಿತು. ಸುತ್ತ ಕತ್ತಲೆ, ಮಂಜು. ಯಾವ ಕಡೆ ಏರಿ, ಯಾವ ಕಡೆ ಕೋಡಿ, ಗೊತ್ತಾಗಲಿಲ್ಲ. ಮೀನಿನ ಭಾರಕ್ಕೆ ತೆಪ್ಪ ಒಂದು ಕಡೆ ವಾಲುತ್ತಿತ್ತು.

ಏರಿಯ ಮೇಲಿಂದ ನೋಡುತ್ತಿದ್ದ ಅಕ್ಕನಿಗೆ ಬೆಳಕು ಕಾಣದಾಯಿತು. ಕೂಗಿದರು. ನೀರಿನ ಮೇಲಿಂದ ಓಗೊಟ್ಟ ದನಿ ಕೇಳಿತು. ಅಕ್ಕ ಕೂಗುತ್ತಲೇ ಇದ್ದರು. ಆ ದನಿಯ ಜಾಡು ಹಿಡಿದು ಮನೆಯವರು ದಡ ಸೇರಿದರು.

ಮಾರನೇ ದಿನ ಅಕ್ಕ ಟಾರ್ಚನ್ನೂ ಖಾಲಿ ಡಬ್ಬಿಯನ್ನೂ ಕೇಂದ್ರಕ್ಕೆ ತಂದರು.

“ಅಕ್ಕೋರೆ, ಇದರ ಮೇಲೆ ಏನು ಬರೆದೈತೆ ಓದಿ ಹೇಳ್ರಿ. ಸುಳ್ಳು ಬರೆದಾರಾ ನೋಡನ” ಅಂದರು.

ನಾನು ಓದಿದೆ. ಡಬ್ಬಿಯ ಮುಂದೆ ದೊಡ್ಡ ಅಂಕಿಯಲ್ಲಿ 1 ಕಿ.ಮೀ. ಎಂದಿತ್ತು. ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಅಲ್ಲಿ ಹೀಗಿತ್ತು: ಉರಿಯುವ ಕಾಲ 1 ಗಂಟೆ.

ಅಕ್ಕ ಸುಮ್ಮನೆ ಕೂತರು. ಆಮೇಲೆ ಅಂದರು: “ಒಂದು ಅನ್ನೋ ಅಂಕಿ ನಂಗೂ ಓದಾಕೆ ಬರ್ತದೆ ಅಕ್ಕೋರೆ. ಹಿಂದೆ ತಿರುಗಿಸಿ ನೋಡಲಿಲ್ಲ.”

ಅವತ್ತು ನಾವು ಟಾರ್ಚಿನ ಪಾಠವನ್ನೇ ಮಾಡಿದೆವು. ಆ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ನಮ್ಮ ಕಡೆ ಟಾರ್ಚಿಗೆ ‘ಬ್ಯಾಟರಿ’ ಅಂತೀವಿ. ಒಳಗೆ ಹಾಕುವುದಕ್ಕೂ ‘ಬ್ಯಾಟರಿ’ ಅಂತೀವಿ. ಗೊಂದಲ ಬೇಡ. ಈ ಪಾಠದಲ್ಲಿ ಕೈಯಲ್ಲಿ ಹಿಡಿಯುವುದು ಟಾರ್ಚು. ಒಳಗಿರುವುದು ಸೆಲ್.

ನಮ್ಮ ನೀರು, ನಮ್ಮ ಕತ್ತಲೆ

ಶಿಕಾರಿಪುರ, ಸೊರಬ ಅಂದರೆ ಕೆರೆಗಳ ಸೀಮೆ. ಶಿಕಾರಿಪುರದ ಕಡೆ ಕುಮದ್ವತಿ ಹೊಳೆ. ಅದಕ್ಕೆ ಅಂಜನಾಪುರದಲ್ಲಿ ಅಣೆಕಟ್ಟು ಇದೆ. ಸೊರಬದ ಕಡೆ ದಂಡಾವತಿ, ವರದಾ. ಊರೂರಿಗೆ ಕೆರೆ. ಕೆಲವು ಊರಿಗೆ ಎರಡು, ಮೂರು ಕೆರೆ.

ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ, ಗೆಂಡೆ ಮೀನಿನ ಮರಿ ಬಿಟ್ಟು ಸಾಕುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಸೇರಿ ಕೆರೆಬೇಟೆ ಮಾಡುತ್ತಾರೆ. ಅದು ಹಗಲಿನ ಕೆಲಸ. ಅದಕ್ಕೆ ದೀಪ ಬೇಡ. ಆದರೆ ಬಲೆಯ ಕೆಲಸ ಕತ್ತಲೆಯ ಕೆಲಸ. ಅದಕ್ಕೆ ಬೆಳಕು ಬೇಕೇ ಬೇಕು.

ಕತ್ತಲೆಯಲ್ಲಿ ಕೆರೆ ಬೇರೆಯೇ ಆಗಿ ಕಾಣುತ್ತದೆ. ಮುಳುಗಿದ ಮರದ ಬೊಡ್ಡೆ ಕಾಣುವುದಿಲ್ಲ. ಜೊಂಡು, ತಾವರೆ ಬಳ್ಳಿ ಹುಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ಕೋಡಿ ಬಿದ್ದಿದ್ದರೆ ನೀರು ಆ ಕಡೆ ಎಳೆಯುತ್ತದೆ. ತೂಬು ತೆರೆದಿದ್ದರೆ ಅಲ್ಲೂ ಸೆಳೆತ ಇರುತ್ತದೆ. ಹಾಗಾಗಿ ತೆಪ್ಪದ ಟಾರ್ಚು ಆಟದ ಸಾಮಾನಲ್ಲ.

ಟಾರ್ಚಿಗೆ ಮೂರು ಕೆಲಸ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಯೋಚಿಸಿ. ನಮಗೆ ಈ ಟಾರ್ಚಿನಿಂದ ಏನು ಕೆಲಸ ಆಗಬೇಕು?

ಒಂದನೇ ಕೆಲಸ, ಹತ್ತಿರ ನೋಡುವುದು. ಬಲೆ ಬಿಡಿಸಬೇಕು, ಮೀನು ತೆಗೆಯಬೇಕು, ಗಂಟು ಹಾಕಬೇಕು. ಇದಕ್ಕೆ ಸಣ್ಣ ಬೆಳಕು ಸಾಕು. ಆದರೆ ಹರಡಿದ ಬೆಳಕು ಬೇಕು. ಎರಡೂ ಕೈ ಬಿಡುವಾಗಿರಬೇಕು. ಹಾಗಾಗಿ ತಲೆಗೆ ಪಟ್ಟಿ ಕಟ್ಟಿಕೊಳ್ಳುವ ಟಾರ್ಚು ಒಳ್ಳೆಯದು.

ಎರಡನೇ ಕೆಲಸ, ದೂರ ನೋಡುವುದು. ದಡ ಎಲ್ಲಿದೆ, ಬೊಡ್ಡೆ ಎಲ್ಲಿದೆ, ಬಲೆಯ ಬೆಂಡು ಎಲ್ಲಿ ತೇಲುತ್ತಿದೆ? ಇದಕ್ಕೆ ಉದ್ದಕ್ಕೆ ಹೋಗುವ ಬೆಳಕು ಬೇಕು.

ಮೂರನೇ ಕೆಲಸ, ನಾವು ಬೇರೆಯವರಿಗೆ ಕಾಣುವುದು. ಇನ್ನೊಂದು ತೆಪ್ಪ ಬಂದರೆ ಡಿಕ್ಕಿ ಆಗಬಾರದು. ದಡದಲ್ಲಿ ಇರುವವರಿಗೆ ನಾವು ಎಲ್ಲಿದ್ದೇವೆ ಅಂತ ತಿಳಿಯಬೇಕು. ಸಮುದ್ರದಲ್ಲಿ ಇದು ಕಾನೂನೇ ಆಗಿದೆ. 1972ರ ಅಂತಾರಾಷ್ಟ್ರೀಯ ನಿಯಮದ ಪ್ರಕಾರ, ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ ಬೇರೆ ದೀಪ ಇಲ್ಲದಿದ್ದರೂ ಬಿಳಿ ಬೆಳಕಿನ ಒಂದು ಟಾರ್ಚು ಅಥವಾ ಹೊತ್ತಿಸಿದ ಲಾಟೀನು ಕೈಗೆ ಸಿಗುವಂತೆ ಇರಲೇಬೇಕು. ಡಿಕ್ಕಿ ಆಗುವ ಮುಂಚೆಯೇ ಅದನ್ನು ತೋರಿಸಬೇಕು. ನಮ್ಮ ಕೆರೆ ಸಮುದ್ರ ಅಲ್ಲ. ಆದರೆ ಬುದ್ಧಿಮಾತು ನಮಗೂ ಒಪ್ಪುತ್ತದೆ.

ಹೆಚ್ಚು ಬೆಳಕು ಬೇರೆ, ದೂರದ ಬೆಳಕು ಬೇರೆ

ಟಾರ್ಚಿನ ಡಬ್ಬಿಯ ಮೇಲೆ ‘ಲುಮೆನ್’ ಅಂತ ಇರುತ್ತದೆ. 200 ಲುಮೆನ್, 500 ಲುಮೆನ್, ಹೀಗೆ. ಟಾರ್ಚಿನಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತದೆ ಅನ್ನುವ ಅಳತೆ ಇದು.

ಲುಮೆನ್ ಹೆಚ್ಚಿದ್ದರೆ ದೂರ ಕಾಣುತ್ತದೆಯೇ? ಹಾಗೇನೂ ಇಲ್ಲ.

ತೋಟಕ್ಕೆ ನೀರು ಹಾಯಿಸುವ ಪೈಪನ್ನು ನೆನೆಸಿಕೊಳ್ಳಿ. ಪೈಪಿನ ಬಾಯಿ ಬಿಟ್ಟರೆ ನೀರು ಕಾಲ ಬುಡದಲ್ಲೇ ಬೀಳುತ್ತದೆ. ಹೆಬ್ಬೆರಳಿಂದ ಬಾಯಿ ಒತ್ತಿದರೆ ಅದೇ ನೀರು ದೂರಕ್ಕೆ ಚಿಮ್ಮುತ್ತದೆ. ಬೆಳಕೂ ಹೆಚ್ಚುಕಡಿಮೆ ಹಾಗೇ. ಟಾರ್ಚಿನ ಮುಂದಿನ ಕನ್ನಡಿ ಬಟ್ಟಲು ದೊಡ್ಡದಾಗಿ, ಆಳವಾಗಿ, ನುಣ್ಣಗೆ ಇದ್ದರೆ ಬೆಳಕು ಒಂದೇ ಕಡೆ ಕೂಡಿಕೊಂಡು ದೂರ ಹೋಗುತ್ತದೆ. ಬಟ್ಟಲು ಸಣ್ಣದಿದ್ದರೆ ಬೆಳಕು ಹರಡಿಕೊಳ್ಳುತ್ತದೆ.

ಹೀಗೆ ಒಂದು ದಿಕ್ಕಿಗೆ ಹೋಗುವ ಬೆಳಕಿನ ಬಲಕ್ಕೆ ‘ಕ್ಯಾಂಡೆಲಾ’ ಅಂತ ಅಳತೆ ಇದೆ. ದೂರ ನೋಡಲು ಈ ಅಂಕಿ ಮುಖ್ಯ.

ಇಲ್ಲಿ ಒಂದು ಲೆಕ್ಕ ಇದೆ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ. ನಾಲ್ಕನೇ ಒಂದು ಭಾಗ ಆಗುತ್ತದೆ. ಮನೆಯಲ್ಲೇ ನೋಡಬಹುದು. ಗೋಡೆಯಿಂದ ಒಂದು ಮೊಳ ದೂರದಲ್ಲಿ ಟಾರ್ಚು ಹಿಡಿಯಿರಿ. ಗೋಡೆಯ ಮೇಲೆ ಒಂದು ಬೆಳಕಿನ ವೃತ್ತ ಬೀಳುತ್ತದೆ. ಎರಡು ಮೊಳ ದೂರ ಹೋಗಿ. ವೃತ್ತದ ಅಗಲವೂ ಎರಡರಷ್ಟು, ಎತ್ತರವೂ ಎರಡರಷ್ಟು. ಅದೇ ಬೆಳಕು ಈಗ ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗಿದೆ.

ಹಾಗಾಗಿ ಎರಡರಷ್ಟು ದೂರ ಕಾಣಬೇಕಾದರೆ ನಾಲ್ಕರಷ್ಟು ಕ್ಯಾಂಡೆಲಾ ಬೇಕು. ಟಾರ್ಚು ಮಾಡುವವರ ಲೆಕ್ಕ ಹೀಗಿದೆ:

100 ಮೀಟರ್ ದೂರಕ್ಕೆ 2,500 ಕ್ಯಾಂಡೆಲಾ.
200 ಮೀಟರ್ ದೂರಕ್ಕೆ 10,000 ಕ್ಯಾಂಡೆಲಾ.
1,000 ಮೀಟರ್, ಅಂದರೆ 1 ಕಿಲೋಮೀಟರ್ ದೂರಕ್ಕೆ 2,50,000 ಕ್ಯಾಂಡೆಲಾ.

ದೂರ ಹತ್ತರಷ್ಟು. ಬಲ ನೂರರಷ್ಟು! ಕೈಯಲ್ಲಿ ಹಿಡಿಯುವ ಅಗ್ಗದ ಟಾರ್ಚಿನಲ್ಲಿ ಇದು ಬರುವುದುಂಟೇ? ಅಂಗಡಿಯವರು ‘ಒಂದು ಕಿಲೋಮೀಟರ್’ ಅಂದರೆ ಈ ಲೆಕ್ಕ ನೆನಪು ಮಾಡಿಕೊಳ್ಳಿ.

ಇನ್ನೊಂದು ಗುಟ್ಟು. ಡಬ್ಬಿಯ ಮೇಲೆ 200 ಮೀಟರ್ ಅಂತ ಇದ್ದರೆ, ಅಷ್ಟು ದೂರದಲ್ಲಿ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟೇ. ಅಲ್ಲಿ ಏನೋ ಇದೆ ಅಂತ ಕಾಣಬಹುದು. ಅದು ಬೊಡ್ಡೆಯೋ ಎಮ್ಮೆಯೋ ಅಂತ ಗುರುತು ಹತ್ತುವುದು ಕಷ್ಟ. ಚೆನ್ನಾಗಿ ಕಾಣಬೇಕಾದರೆ ಬರೆದ ದೂರದ ಅರ್ಧ ಅಂತ ಇಟ್ಟುಕೊಳ್ಳಿ.

ಕೆರೆಯನ್ನು ಹೆಜ್ಜೆಯಲ್ಲಿ ಅಳೆಯಿರಿ

ನಮಗೆ ಎಷ್ಟು ದೂರದ ಬೆಳಕು ಬೇಕು? ಅಂಗಡಿಯವರು ಹೇಳುವುದಲ್ಲ. ನಮ್ಮ ಕೆರೆ ಹೇಳಬೇಕು.

ಅಕ್ಕನ ಜೊತೆ ನಾವೆಲ್ಲ ಏರಿಯ ಮೇಲೆ ನಡೆದು ಹೆಜ್ಜೆ ಎಣಿಸಿದೆವು. 300 ಹೆಜ್ಜೆ ಆಯಿತು. ಹೆಂಗಸರ ಮೂರು ಹೆಜ್ಜೆ ಅಂದರೆ ಸುಮಾರು 2 ಮೀಟರ್. ಹಾಗಾದರೆ 300 ಹೆಜ್ಜೆ ಅಂದರೆ ಸುಮಾರು 200 ಮೀಟರ್. ಆ ಕೆರೆ ಉದ್ದಕ್ಕೂ ಅಗಲಕ್ಕೂ ಹೆಚ್ಚುಕಡಿಮೆ ಒಂದೇ. ತೆಪ್ಪ ನಡುಗೆರೆಯಲ್ಲಿ ಇದ್ದರೆ ದಡ 100 ಮೀಟರ್ ದೂರ. ಅಂದರೆ ಡಬ್ಬಿಯ ಮೇಲೆ 200 ಮೀಟರ್ ಅಂತ ಇರುವ ಟಾರ್ಚು ಅವರಿಗೆ ಸಾಕು. ಒಂದು ಕಿಲೋಮೀಟರ್ ಬೇಡವೇ ಬೇಡ.

ದೊಡ್ಡ ನೀರಿನ ಮಾತು ಬೇರೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರು ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಿಂತ ನೀರು ಅದು. ಸಿಗಂದೂರಿಗೆ ಹೋಗುವವರು ಅಲ್ಲಿ ಲಾಂಚಿನಲ್ಲಿ ದಾಟುತ್ತಿದ್ದರು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ಶುರುವಾಯಿತು. ಆ ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ. ಅಂಥ ನೀರಿನಲ್ಲಿ ಆಚೆ ದಡಕ್ಕೆ ಕೈ ಟಾರ್ಚು ಮುಟ್ಟುವುದಿಲ್ಲ. ಅಲ್ಲಿ ದಡದ ದೀಪಗಳೇ ದಾರಿ ತೋರಿಸಬೇಕು. ಕತ್ತಲೆಯಲ್ಲಿ ಅಂಥ ಕಡೆ ಸಣ್ಣ ತೆಪ್ಪ ಬಿಡದಿರುವುದೇ ಜಾಣತನ.

ಎಷ್ಟು ಹೊತ್ತು ಉರಿಯುತ್ತದೆ?

ತೆಪ್ಪದ ಟಾರ್ಚಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ದೂರ ಕಾಣದಿದ್ದರೆ ನಿಧಾನ ಹೋಗಬಹುದು. ಆರಿಹೋದರೆ ಏನು ಮಾಡುವುದು?

ಸೆಲ್ಲಿನ ಮೇಲೆ ‘ಎಂ.ಎ.ಎಚ್.’ ಅಂತ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಅದರ ಪಕ್ಕ ಒಂದು ಅಂಕಿ ಇರುತ್ತದೆ. ಸೆಲ್ಲನ್ನು ಅಕ್ಕಿ ಡಬ್ಬ ಅಂದುಕೊಳ್ಳಿ. ಈ ಅಂಕಿ ಡಬ್ಬದಲ್ಲಿ ಎಷ್ಟು ಅಕ್ಕಿ ಇದೆ ಅಂತ ಹೇಳುತ್ತದೆ. ಟಾರ್ಚು ಗಂಟೆಗೆ ಇಷ್ಟು ಅಂತ ತಿನ್ನುತ್ತದೆ. ಭಾಗಾಕಾರ ಮಾಡಿದರೆ ಎಷ್ಟು ಗಂಟೆ ಅಂತ ಗೊತ್ತಾಗುತ್ತದೆ.

ಸೆಲ್ಲಿನ ಅಂಕಿ 2,000. ಟಾರ್ಚು ಸಣ್ಣ ಬೆಳಕಿನಲ್ಲಿ ಗಂಟೆಗೆ 500 ತಿನ್ನುತ್ತದೆ. 2,000 ಭಾಗ 500 ಅಂದರೆ 4. ಸುಮಾರು ನಾಲ್ಕು ಗಂಟೆ ಉರಿಯುತ್ತದೆ.

ಅದೇ ಟಾರ್ಚನ್ನು ಪೂರ್ತಿ ಬೆಳಕಿನಲ್ಲಿ ಇಟ್ಟರೆ ಗಂಟೆಗೆ 1,000 ತಿನ್ನುತ್ತದೆ. 2,000 ಭಾಗ 1,000 ಅಂದರೆ 2. ಎರಡೇ ಗಂಟೆ.

ಅದಕ್ಕೇ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವ ಟಾರ್ಚು ತೆಗೆದುಕೊಳ್ಳಿ. ಬಲೆ ಬಿಡಿಸುವಾಗ ಕಡಿಮೆ ಬೆಳಕು. ದಡ ಹುಡುಕುವಾಗ ಪೂರ್ತಿ ಬೆಳಕು. ನೀರಿನ ಮೇಲೆ ಎಷ್ಟು ಹೊತ್ತು ಇರುತ್ತೀರೋ ಅದರ ಎರಡರಷ್ಟು ಹೊತ್ತು ಉರಿಯುವ ಟಾರ್ಚು ಬೇಕು. ಮೂರು ಗಂಟೆ ಕೆಲಸ ಇದ್ದರೆ ಆರು ಗಂಟೆ ಉರಿಯಬೇಕು. ಸೆಲ್ ಹಳೆಯದಾದ ಹಾಗೆ ಅದರ ಶಕ್ತಿ ಕಡಿಮೆಯಾಗುತ್ತದೆ. ಅದೂ ಲೆಕ್ಕದಲ್ಲಿ ಇರಲಿ.

ಈ ಅಂಕಿಯಲ್ಲೂ ಮೋಸ ಇದೆ. ಹೆಬ್ಬೆರಳಿನಷ್ಟು ದಪ್ಪ, ಗಿಡ್ಡ ಲಿಥಿಯಂ ಸೆಲ್ಲಿನ ಮೇಲೆ 18650 ಅಂತ ಬರೆದಿರುತ್ತದೆ. ಇದು ಶಕ್ತಿಯ ಅಂಕಿ ಅಲ್ಲ. ಸೆಲ್ಲಿನ ಅಳತೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಅರ್ಥ. ಈ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ 2,000ದಿಂದ 3,500 ಎಂ.ಎ.ಎಚ್. ಶಕ್ತಿ ಇರುತ್ತದೆ. ಇದೇ ಗಾತ್ರದ ಸೆಲ್ಲಿನ ಮೇಲೆ 9,900 ಅಂತ ಬರೆದಿದ್ದರೆ ನಂಬಬೇಡಿ. ಒಂದು ಸೇರಿನ ಪಾತ್ರೆಯಲ್ಲಿ ಮೂರು ಸೇರು ಅಕ್ಕಿ ಹಿಡಿಯುತ್ತದೆಯೇ?

ಯಾವ ಸೆಲ್ ಒಳ್ಳೆಯದು?

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ.

ಒಂದು, ಬಳಸಿ ಬಿಸಾಡುವ ಸೆಲ್. ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟು ಇಲ್ಲದಿದ್ದರೂ ತೊಂದರೆ ಇಲ್ಲ. ಆದರೆ ಮತ್ತೆ ಮತ್ತೆ ಕೊಳ್ಳಬೇಕು. ಹಳೆಯ ಸೆಲ್ ಜೊತೆ ಹೊಸ ಸೆಲ್ ಸೇರಿಸಿ ಹಾಕಬೇಡಿ. ಬಹಳ ದಿನ ಬಳಸದಿದ್ದರೆ ತೆಗೆದಿಡಿ. ಇಲ್ಲದಿದ್ದರೆ ಸೋರಿ ಟಾರ್ಚು ಹಾಳಾಗುತ್ತದೆ.

ಎರಡು, ಸೀಸದ ಬ್ಯಾಟರಿ ಇರುವ ದೊಡ್ಡ ಟಾರ್ಚು. ಹಿಡಿ ಇರುತ್ತದೆ, ಭಾರ ಇರುತ್ತದೆ. ಚಾರ್ಜು ಮಾಡಬಹುದು. ಇದನ್ನು ಖಾಲಿ ಬಿಟ್ಟು ಮೂಲೆಗೆ ಇಟ್ಟರೆ ಕೆಟ್ಟುಹೋಗುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು.

ಮೂರು, ಲಿಥಿಯಂ ಸೆಲ್ ಇರುವ ಟಾರ್ಚು. ಹಗುರ, ಹೆಚ್ಚು ಹೊತ್ತು ಉರಿಯುತ್ತದೆ. ತೆಪ್ಪಕ್ಕೆ ಇದು ಅನುಕೂಲ. ಆದರೆ ಸೆಲ್ ಊದಿಕೊಂಡಿದ್ದರೆ, ತೂತಾಗಿದ್ದರೆ ಬಳಸಬೇಡಿ. ಬೆಂಕಿ ಹತ್ತಬಹುದು. ಹಾಸಿಗೆಯ ಮೇಲೆ, ಹುಲ್ಲಿನ ಹತ್ತಿರ ಚಾರ್ಜಿಗೆ ಇಡಬೇಡಿ. ಲಿಥಿಯಂ ಸೆಲ್ಲಿಗೆ ಸರ್ಕಾರದ ಬಿ.ಐ.ಎಸ್. ನೋಂದಣಿ ಕಡ್ಡಾಯ. ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಮನೆಯ ಮಕ್ಕಳ ಫೋನಿನಲ್ಲಿ ‘ಬಿ.ಐ.ಎಸ್. ಕೇರ್’ ಅನ್ನುವ ಆಪ್ ಹಾಕಿಸಿ ಆ ಸಂಖ್ಯೆ ನಿಜವೋ ಸುಳ್ಳೋ ನೋಡಬಹುದು.

ನೀರಿಗೆ ಬಿದ್ದರೆ?

ತೆಪ್ಪದಲ್ಲಿ ಟಾರ್ಚು ಒದ್ದೆಯಾಗದೆ ಇರುವುದಿಲ್ಲ. ಡಬ್ಬಿಯ ಮೇಲೆ ‘ಐ.ಪಿ.’ ಅಂತ ಎರಡು ಇಂಗ್ಲಿಷ್ ಅಕ್ಷರ ಇದೆಯೇ ನೋಡಿ. ಅದರ ಮುಂದೆ ಎರಡು ಗುರುತು ಇರುತ್ತವೆ. ಕೊನೆಯ ಅಂಕಿ ನೀರಿನದು.

ಕೊನೆಯ ಅಂಕಿ 4 ಇದ್ದರೆ, ಎರಚಿದ ನೀರು ತಡೆಯುತ್ತದೆ. ಗದ್ದೆಗೆ, ಹಿತ್ತಲಿಗೆ ಸಾಕು.
ಕೊನೆಯ ಅಂಕಿ 7 ಇದ್ದರೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ತೆಪ್ಪಕ್ಕೆ ಇದು ಬೇಕು.
ಅಂಕಿಯೇ ಇಲ್ಲದಿದ್ದರೆ, ಅದು ನೀರಿನ ಟಾರ್ಚಲ್ಲ.

ಡಬ್ಬಿಯ ಮೇಲೆ 7 ಅಂತ ಇದೆ. ನಂಬುವುದು ಹೇಗೆ? ಬೇಕಾದಾಗ ಸೆಲ್ ತೆಗೆಯಲು ಬರುವ ಟಾರ್ಚಾದರೆ ಮನೆಯಲ್ಲೇ ನೋಡಿ. ಸೆಲ್ ಹೊರಗೆ ತೆಗೆಯಿರಿ. ಒಳಗೆ ಒಣ ಕಾಗದದ ಚೂರು ಹಾಕಿ. ಮುಚ್ಚಳ ಬಿಗಿಯಾಗಿ ತಿರುಗಿಸಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒರೆಸಿ ತೆರೆಯಿರಿ. ಕಾಗದ ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ ಬಿಲ್ ಹಿಡಿದು ಅಂಗಡಿಗೆ ವಾಪಸ್ ಹೋಗಿ.

ನೀರು ತಡೆಯುವ ಟಾರ್ಚೂ ಮುಳುಗಿ ಹೋಗಬಹುದು. ಅದಕ್ಕೆ ಒಂದು ಉಪಾಯ. ಮುಚ್ಚಳ ಹಾಕಿದ ಖಾಲಿ ನೀರಿನ ಬಾಟಲಿಯನ್ನು ದಾರದಿಂದ ಟಾರ್ಚಿಗೆ ಕಟ್ಟಿ. ತೇಲುತ್ತದೆಯೇ ಅಂತ ಬಕೆಟ್ಟಿನಲ್ಲಿ ನೋಡಿ. ಇನ್ನೊಂದು ದಾರದಿಂದ ತೆಪ್ಪಕ್ಕೆ ಕಟ್ಟಿ.

ಮಂಜಿನಲ್ಲಿ ಮತ್ತು ಕಣ್ಣಿಗೆ

ಮಂಜು ಇದ್ದಾಗ ಬೆಳಕು ಹೆಚ್ಚು ಮಾಡಿದರೆ ಹೆಚ್ಚು ಕಾಣುತ್ತದೆ ಅಂದುಕೊಳ್ಳುತ್ತೇವೆ. ಅದು ತಪ್ಪು. ಮಂಜು ಅಂದರೆ ನೀರಿನ ಸಣ್ಣ ಸಣ್ಣ ಹನಿ. ಬೆಳಕು ಆ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತದೆ. ಅಂಥ ಹೊತ್ತಿನಲ್ಲಿ ಟಾರ್ಚನ್ನು ಕಣ್ಣಿನ ಹತ್ತಿರ, ತಲೆಯ ಮೇಲೆ ಇಡಬೇಡಿ. ಸೊಂಟದ ಕೆಳಗೆ ಹಿಡಿದು, ನೀರಿನ ಮೇಲೆ ಓರೆಯಾಗಿ ಬಿಡಿ. ಮಂಜು ದಟ್ಟವಾಗಿದ್ದರೆ ಹೋಗುವುದೇ ಬೇಡ. ಮೀನು ಎಲ್ಲೂ ಓಡಿಹೋಗುವುದಿಲ್ಲ.

ಕಣ್ಣಿನ ಮಾತೂ ಇದೆ. ಬಲವಾದ ಬೆಳಕು ನೋಡಿದ ಮೇಲೆ ನಮ್ಮ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಇನ್ನೊಂದು ತೆಪ್ಪದವರ ಮುಖಕ್ಕೆ ಟಾರ್ಚು ಬಿಟ್ಟರೆ ಅವರಿಗೆ ಏನೂ ಕಾಣುವುದಿಲ್ಲ. ಹಾಗೆ ಮಾಡಬಾರದು. ಸೊರಬದ ಗುಡವಿ ಪಕ್ಷಿಧಾಮದಂಥ ಕಡೆ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಗೂಡಿನ ಮರಗಳಿಗೆ ಟಾರ್ಚು ಬಿಟ್ಟು ಅವನ್ನು ಬೆದರಿಸಬಾರದು.

ಬೆಳಕು ನಮಗೆ ದಾರಿ ನೋಡಲಿಕ್ಕೆ ಇರಲಿ. ಮೀನನ್ನು ಸೆಳೆಯಲಿಕ್ಕೆ ಬೇಡ. ಸಮುದ್ರದಲ್ಲಿ ದೊಡ್ಡ ಎಲ್.ಇ.ಡಿ. ದೀಪ ಹಾಕಿ ಮರಿ ಮೀನುಗಳನ್ನೂ ಸೆಳೆದು ಬಾಚುತ್ತಿದ್ದರು. ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು. ಮರಿ ಹೋದರೆ ನಾಳೆಗೆ ಮೀನೆಲ್ಲಿ?

ಏರಿಯ ಮೇಲೊಂದು ದೀಪ

ಇಷ್ಟು ಹೊತ್ತು ತೆಪ್ಪದ ಟಾರ್ಚಿನ ಮಾತಾಯಿತು. ಈಗ ನಮ್ಮ ಟಾರ್ಚಿನ ಮಾತು.

ಅವತ್ತು ಅಕ್ಕನ ಮನೆಯವರನ್ನು ದಡ ಸೇರಿಸಿದ್ದು ಅಕ್ಕನ ದನಿ. ಅಕ್ಕನ ಕೈಯಲ್ಲಿ ಒಂದು ದೀಪ ಇದ್ದಿದ್ದರೆ ಇನ್ನೂ ಸುಲಭ ಆಗುತ್ತಿತ್ತು. ಕತ್ತಲೆಯಲ್ಲಿ ಸಣ್ಣ ದೀಪವೂ ಬಹಳ ದೂರಕ್ಕೆ ಕಾಣುತ್ತದೆ. ನಡುಗೆರೆಯಿಂದ ದಡ ನೋಡಲು ದೊಡ್ಡ ಟಾರ್ಚು ಬೇಕು. ದಡದಲ್ಲಿ ಇಟ್ಟ ದೀಪವನ್ನು ನಡುಗೆರೆಯಿಂದ ನೋಡಲು ಬರೀ ಕಣ್ಣು ಸಾಕು.

ಹಾಗಾಗಿ ಎಲ್ಲ ದುಡ್ಡನ್ನೂ ಒಂದೇ ದೊಡ್ಡ ಟಾರ್ಚಿಗೆ ಸುರಿಯಬೇಡಿ. ಎರಡು ಸಾಧಾರಣ ಟಾರ್ಚು ಕೊಳ್ಳಿ. ಒಂದು ತೆಪ್ಪಕ್ಕೆ, ಒಂದು ಮನೆಗೆ. ತೆಪ್ಪ ಹೋದ ಜಾಗದಲ್ಲೇ, ಏರಿಯ ಮೇಲೆ, ಒಂದು ದೀಪ ಇಡಿ. ತೆಪ್ಪ ಬರುವ ತನಕ ಅದು ಉರಿಯಲಿ. ಜಾಗ ಬದಲಾಯಿಸಬೇಡಿ.

ಮನೆಯವರ ಜೊತೆ ಕೂತು ಸನ್ನೆ ಗೊತ್ತುಮಾಡಿಕೊಳ್ಳಿ. ಒಂದು ಸಲ ಮಿಂಚಿಸಿದರೆ ‘ಸರಿಯಾಗಿದ್ದೇನೆ’. ಎರಡು ಸಲ ಮಿಂಚಿಸಿದರೆ ‘ಬರುತ್ತಿದ್ದೇನೆ’. ನಿಲ್ಲಿಸದೆ ಮಿಂಚಿಸಿದರೆ ‘ಕಷ್ಟದಲ್ಲಿದ್ದೇನೆ, ಜನ ಕರೆದುಕೊಂಡು ಬಾ’. ಕಷ್ಟದ ಸನ್ನೆ ಕಂಡರೆ ನೀವೇ ನೀರಿಗೆ ಇಳಿಯಬೇಡಿ. ಅಕ್ಕಪಕ್ಕದವರನ್ನು ಕೂಗಿ. 112ಕ್ಕೆ ಫೋನ್ ಮಾಡಿ. ಹಗ್ಗ, ಗಳ, ತೇಲುವ ಖಾಲಿ ಕ್ಯಾನು ತನ್ನಿ.

ಮನೆಯ ಟಾರ್ಚು ನಿಮ್ಮದೂ ಹೌದು. ರಾತ್ರಿ ಹೊರಗೆ ಹೋಗುವಾಗ, ಕೊಟ್ಟಿಗೆಗೆ ಹೋಗುವಾಗ, ಏರಿಯ ಮೇಲೆ ನಡೆಯುವಾಗ ಕಾಲ ಮುಂದೆ ಬೆಳಕು ಇರಲಿ. ಹಾವು, ಚೇಳು ಕಾಣಲಿಕ್ಕೆ ದೂರದ ಬೆಳಕು ಬೇಡ. ಹರಡಿದ ಬೆಳಕು ಸಾಕು.

ಅಂಗಡಿಯಲ್ಲಿ ನಾಚಿಕೆ ಬೇಡ

ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ಹಿಂದೆ ಮುಂದೆ ತಿರುಗಿಸಿ. ಅಂಕಿಗಳನ್ನು ನೀವೇ ಓದಿ. ಇಂಗ್ಲಿಷ್ ಅಕ್ಷರ ಇದ್ದರೆ ಮಗಳನ್ನು, ಮಗನನ್ನು ಕರೆದುಕೊಂಡು ಹೋಗಿ ಓದಿಸಿ. “ಇದು ಎಷ್ಟು ಗಂಟೆ ಉರಿಯುತ್ತೆ? ಎಲ್ಲಿ ಬರೆದಿದೆ ತೋರಿಸಿ” ಅಂತ ಕೇಳಿ. ಹಚ್ಚಿ ತೋರಿಸಲು ಹೇಳಿ. ಒದ್ದೆ ಕೈಯಲ್ಲಿ ಗುಂಡಿ ಒತ್ತಲು ಬರುತ್ತದೆಯೇ ನೋಡಿ.

ಗರಿಷ್ಠ ಮಾರಾಟ ಬೆಲೆ ಡಬ್ಬಿಯ ಮೇಲೆ ಇರಬೇಕು. ಅದರಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ. ಬಿಲ್ ಕೇಳಿ ತೆಗೆದುಕೊಳ್ಳಿ. ಗ್ಯಾರಂಟಿ ಚೀಟಿಗೆ ತಾರೀಖು ಹಾಕಿಸಿ, ಮೊಹರು ಒತ್ತಿಸಿ. ಬಿಲ್, ಚೀಟಿ, ಡಬ್ಬಿ ಮೂರನ್ನೂ ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿ. ಮೋಸ ಆದರೆ, ಅಂಗಡಿಯವರು ಕೇಳದಿದ್ದರೆ, 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ.

ಕೊನೆಗೆ ಒಂದು ಮಾತು. ಎಂಥ ಒಳ್ಳೆಯ ಟಾರ್ಚೂ ಮುಳುಗುವವರನ್ನು ತೇಲಿಸುವುದಿಲ್ಲ. ತೆಪ್ಪ ಹತ್ತುವವರು ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಲೇಬೇಕು. ಒಬ್ಬರೇ ಹೋಗಬಾರದು. ಕುಡಿದು ಹೋಗಬಾರದು. ದುಡ್ಡು ಕಡಿಮೆ ಇದ್ದರೆ ಮೊದಲು ಜಾಕೆಟ್, ಆಮೇಲೆ ಟಾರ್ಚು.

ನಮ್ಮ ಅಕ್ಕ ಮುಂದಿನ ವಾರ ಪೇಟೆಗೆ ಹೋದರು. ನಾಲ್ಕು ಅಂಗಡಿ ತಿರುಗಿದರು. ಡಬ್ಬಿ ತಿರುಗಿಸಿ ಓದಿದರು. 200 ಮೀಟರ್, 6 ಗಂಟೆ, ಕೊನೆಯ ಅಂಕಿ 7, ಇಷ್ಟು ನೋಡಿ ಒಂದು ಟಾರ್ಚು ತಂದರು. ಮನೆಗೆ ಇನ್ನೊಂದು ಸಣ್ಣದು ತಂದರು. ಈಗ ಬೆಳಗಿನ ಜಾವ ಆ ಕೆರೆಯ ಏರಿಯ ಮೇಲೆ ಒಂದು ದೀಪ ಉರಿಯುತ್ತಿರುತ್ತದೆ. ನೀರಿನ ಮೇಲೆ ಇನ್ನೊಂದು ದೀಪ ಅದಕ್ಕೆ ಉತ್ತರ ಕೊಡುತ್ತದೆ.

ನೆನಪಿಡಿ

1. ದೂರಕ್ಕಿಂತ ಮುಖ್ಯ, ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದು.
2. ಬರೆದ ದೂರದ ಅರ್ಧ ಮಾತ್ರ ಚೆನ್ನಾಗಿ ಕಾಣುತ್ತದೆ.
3. ತೆಪ್ಪಕ್ಕೆ ‘ಐ.ಪಿ.’ ಕೊನೆಯ ಅಂಕಿ 7 ಇರಲಿ.
4. ತೆಪ್ಪದಲ್ಲಿ ಒಂದು, ಏರಿಯ ಮೇಲೆ ಒಂದು ದೀಪ.
5. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ.

ಕೂಡಿ ಮಾತಾಡೋಣ, ಲೆಕ್ಕ ಮಾಡೋಣ

1. ನಿಮ್ಮ ಊರಿನ ಕೆರೆ ಏರಿ ಎಷ್ಟು ಹೆಜ್ಜೆ ಉದ್ದ ಇದೆ? ಎಷ್ಟು ಮೀಟರ್ ಆಯಿತು?
2. ಸೆಲ್ಲಿನ ಅಂಕಿ 3,000. ಟಾರ್ಚು ಗಂಟೆಗೆ 500 ತಿನ್ನುತ್ತದೆ. ಎಷ್ಟು ಗಂಟೆ ಉರಿಯುತ್ತದೆ?
3. ನಿಮ್ಮ ಮನೆಯ ಟಾರ್ಚನ್ನು ಕೇಂದ್ರಕ್ಕೆ ತನ್ನಿ. ಅದರ ಮೇಲೆ ಏನೇನು ಬರೆದಿದೆ? ಎಲ್ಲರೂ ಸೇರಿ ಓದಿ.